ಪೂಜೆ ಮಾಡಿದ ಟಿ.ವಿ.ಯ ವಿಸರ್ಜನೆ

ಯಾವುದೋ ಒಂದೂರು, ಅಲ್ಲೊಬ್ಬ ಸಾಹುಕಾರ. ದುಡ್ಡಿತ್ತು, ಭಕ್ತಿಯೂ ಇತ್ತು. ಎರಡೂ ಸ್ವಲ್ಪ ಜಾಸ್ತಿಯೇ ಇದ್ದವು ಅನ್ನಿ. ಆಯುಧಪೂಜೆ ಬಂದರೆ ಟಿ.ವಿ., ಫ್ರಿಜ್ಜು, ಎ.ಸಿ. ಎಲ್ಲಕ್ಕೂ ಕುಂಕುಮ, ಹೂವು, ಆರತಿ. ನೋಡುವವರಿಲ್ಲದಿದ್ದರೂ ಟಿ.ವಿ. ಹಾಡುತ್ತಲೇ ಇರಬೇಕು. ಯಾರಾದರೂ ನಿಲ್ಲಿಸಿದರೆ, "ಲಕ್ಷ್ಮಿ ಇರೋ ಮನೇಲಿ ಸ್ವಿಚ್ ಆರಿಸ್ತಾರೇನ್ರೋ?" ಎಂದು ರೇಗುತ್ತಿದ್ದ.

ದೀಪಾವಳಿಗೆ ಹೊಸ ಟಿ.ವಿ. ಬಂತು. ಹಳೆಯದು ಕೆಟ್ಟಿತ್ತೇ? ಇಲ್ಲ. ಹಳೆಯದಾಗಿತ್ತು, ಅಷ್ಟೇ. ಪೂಜೆ ಮಾಡಿದ್ದನ್ನು ಗುಜರಿಗೆ ಹಾಕಬಾರದು, ನೀರಿಗೆ ಬಿಡಬೇಕು ಎಂದು ತಾನೇ ಒಂದು ಶಾಸ್ತ್ರ ಕಟ್ಟಿಕೊಂಡ. ಗಣಪತಿಯನ್ನು ಬಿಡುವವನ ಹಾಗೆ ಟಿ.ವಿ.ಯನ್ನು ಎದೆಗವಚಿಕೊಂಡು ಹಿತ್ತಲ ಬಾವಿಗೆ ಹೊರಟ. ನೋಡಿ, ಆ ಮನೆಗೆ ಕುಡಿಯುವ ನೀರೂ ಅದೇ ಬಾವಿಯದು!

ಸೊಸೆ ಅಡ್ಡ ಬಂದು ನಿಂತಳು. ಕಂಕುಳಲ್ಲಿ ಮಗು.

"ದಾರಿ ಬಿಡಮ್ಮ."

"ಬಿಡಲ್ಲ ಮಾವ. ಅದರೊಳಗೆ ಏನೇನೋ ವಿಷ ಇದೆ. ನಿಮ್ಮ ಮೊಮ್ಮಗಳು ಕುಡಿಯೋದು ಈ ನೀರೇ."

"ಇದು ನನ್ನ ಬಾವಿ!"

"ಆಗ್ಲಿ, ಹಾಕಿ. ಹಾಕಿದ ಮೇಲೆ ಮೊದಲನೇ ಲೋಟ ನೀವೇ ಕುಡೀರಿ. ನಾಳೆನೂ ಕುಡೀರಿ, ನಾಡಿದ್ದೂ ಕುಡೀರಿ. ಆಮೇಲೆ ಇವಳಿಗೂ ನಿಮ್ಮ ಕೈಯಾರೆ ಕುಡಿಸಿ."

ಮಗು ತಾತನ ಕಡೆ ಕೈ ಚಾಚಿತು. ಎತ್ತಿಕೊಳ್ಳೋಣವೆಂದರೆ ಅವನ ಕೈ ಖಾಲಿ ಇರಲಿಲ್ಲ. ಟಿ.ವಿ.ಯನ್ನು ನೆಲಕ್ಕಿಟ್ಟು ಮಗುವನ್ನು ಎತ್ತಿಕೊಂಡ. ಹಳೆಯ ಟಿ.ವಿ. ಮತ್ತೆ ಒಳಗೆ ಹೋಯಿತು, ಹೊಸದು ಅಂಗಡಿಗೆ ವಾಪಸ್ ಹೋಯಿತು.

ಮಠಕ್ಕೆ ಬಂದ ಭಕ್ತರೇ, ನಗುತ್ತಿದ್ದೀರಿ. ನಗಬೇಡಿ! ನೀವು ಬಾವಿಗೆ ಹಾಕುವುದಿಲ್ಲ, ಸರಿ. ಊರಾಚೆಯ ಹಳ್ಳಕ್ಕೆ ಎಸೆಯುತ್ತೀರಲ್ಲ, ಅಲ್ಲಿಂದ ನೀರು ಎಲ್ಲಿಗೆ ಹರಿಯುತ್ತದೆ? ಖಾಲಿ ಕೋಣೆಯಲ್ಲಿ ನಿಮ್ಮ ಎ.ಸಿ. ಓಡುತ್ತದಲ್ಲ, ಅದಕ್ಕೆ ಎಲ್ಲೋ ಕಲ್ಲಿದ್ದಲು ಉರಿಯಬೇಕು. ಆ ಹೊಗೆಯನ್ನು ಕುಡಿಯುವವರು ಯಾರು? ನಿಮ್ಮ ಮಕ್ಕಳಲ್ಲವೇ? ಅವರಿಗೆ ಹೊಗೆ ಕುಡಿಸಿ ನನ್ನ ಮುಂದೆ ಬಂದು ಆಶೀರ್ವಾದ ಕೇಳಬೇಡಿ, ನಾನು ಕೊಡುವುದಿಲ್ಲ!

ಇವತ್ತೇ ಮನೆಗೆ ಹೋಗಿ. ರಿಮೋಟು ಒತ್ತಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ. ಕೆಟ್ಟಿದ್ದನ್ನು ರಿಪೇರಿ ಮಾಡಿಸಿ, ಕೆಡದಿದ್ದನ್ನು ಬದಲಾಯಿಸಬೇಡಿ. ಇನ್ನು ಆಗುವುದೇ ಇಲ್ಲ ಅಂದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರನ್ನು ಹುಡುಕಿ ಕೊಡಿ, ಸುಡಬೇಡಿ, ಎಸೆಯಬೇಡಿ. ಹಬ್ಬದ ರಿಯಾಯಿತಿ ಅಂತ ಅಂಗಡಿಯವನು ಕರೆದರೆ ಬೇಡ ಅನ್ನಿ. ನೆಂಟರು ಜಿಪುಣ ಅಂತಾರೆಯೇ? ತಲೆ ತಗ್ಗಿಸಬೇಡಿ. "ಹೌದ್ರೀ, ನಾನು ಜಿಪುಣನೇ" ಎಂದು ಗಟ್ಟಿಯಾಗಿ ಹೇಳಿ.