ಭಾಗವ್ವನ ಹಡಗಿನ ಖೋಲಿ

"ಹಲೋ... ಹಾಂ, ಹೇಳ ಮಂಗಲಾ... ಹಲೋ? ಯಾರ್ರೀ ಮಾತಾಡೂದು?... ಯಾರು, ಚಂದ್ರಾ? ನೀ ಏನೋ? ಮಂಗಲಾನ ಫೋನಿಂದ ಯಾಕ ಮಾಡಿದಿ? ನಿನ್ನ ಫೋನಿಗೇನಾಗೈತಿ?"

ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ನಡೆಸುವ ಭಾಗವ್ವ ಆಗಷ್ಟೇ ಸಂಜೆಯ ರೊಟ್ಟಿಗೆ ಎಸರಿಟ್ಟಿದ್ದಳು. ಎದುರಿಗೆ ಜೋಳದ ಹಿಟ್ಟಿನ ಪರಾತ, ಕೆನ್ನೆಗೂ ಹೆಗಲಿಗೂ ನಡುವೆ ಫೋನು. ಸಂಭಾಜಿನಗರದಲ್ಲಿರುವ ತಮ್ಮ ಚಂದ್ರಾಮಪ್ಪ ಹಬ್ಬ ಹುಣ್ಣಿಮೆ ಬಿಟ್ಟರೆ ತಾನಾಗಿ ಫೋನು ಮಾಡುವವನಲ್ಲ. ಅದರಲ್ಲೂ ಹೆಂಡತಿ ಮಂಗಲಾಳ ಫೋನಿನಿಂದ ಮಾಡಿದ್ದಾನೆ ಎಂದರೆ ಅದರಲ್ಲಿ ಏನೋ ಓದಿದ್ದಾನೆ ಎಂದೇ ಅರ್ಥ.

"... ಆರಾಮ ಅದೀನಿ. ಹೂಂ, ಮಂಡಿ ನೋವ ಹಂಗ ಐತಿ... ಅದಿರ್ಲಿ ಬಿಡು, ನನ್ನ ಮಂಡಿ ಕೇಳಾಕ ನೀ ಫೋನ್ ಮಾಡಿಲ್ಲ. ಇದ್ದದ್ದ ಹೇಳು."

"... ಹೌದು, ಬುಕ್ ಮಾಡೀನಿ... ಹೌದೋ, ಹಡಗಾ. ಮುಂಬೈಯಿಂದ ಗೋವಾ, ಅಲ್ಲಿಂದ ಲಕ್ಷದ್ವೀಪ, ತಿರಗಿ ಮುಂಬೈ. ಐದ ದಿನ... ನನಗೆಲ್ಲಿ ಬರ್ತೈತೋ, ಮಗಳು ಶರ್ವಾಣಿ ಮಾಡಿಕೊಟ್ಲು. ಅಕೀಗೇನು, ಮೊಬೈಲಿನ್ಯಾಗ ಜಗತ್ತ ತರಸ್ತಾಳ."

"... ಎಷ್ಟಂತ ಅಲ್ಲೇ ಬರದೈತೆಲ್ಲಾ, ಓದ್ಕೊಂಡ ಫೋನ್ ಹಚ್ಚೀದಿ. ಮತ್ತ ನನ್ನ ಬಾಯಿಂದ ಯಾಕ ಕೇಳ್ತಿ?... ಹಾಂ, ಎರಡ ಲಕ್ಷ ಹತ್ತ ಸಾವಿರ... ಚೀರಬ್ಯಾಡೋ, ಕಿವಿ ಹರೀತಾವ... ಯಾರ ರೊಕ್ಕ? ನನ್ನ ರೊಕ್ಕ. ಇಪ್ಪತ್ತೆಂಟ ವರ್ಷ ರೊಟ್ಟಿ ಬಡದದ್ದು. ನಿನ್ನ ಕಿಸೇದಾಗಿಂದ ಒಂದ ಪೈಸಾ ಕೇಳೀನೇನು?"

ಮಾತಿಗೆ ಬಲ ಸಾಲದಾದಾಗಲೆಲ್ಲ ಗಾದೆ ಎಸೆಯುವುದು ಚಂದ್ರಾಮಪ್ಪನ ರೂಢಿ. ವಾಳೂಜಿನ ಫ್ಯಾಕ್ಟರಿಯಲ್ಲಿ ಸುಪರ್‌ವೈಸರ್ ಆದಮೇಲಂತೂ ಆ ಚಟ ಹೆಚ್ಚಾಗಿತ್ತು. ಆದರೆ ಆ ಗಾದೆಗಳನ್ನು ಹೇಳುತ್ತಿದ್ದ ಅವ್ವನ ಮಗ್ಗುಲಲ್ಲೇ ಕೂತು ಭಾಗವ್ವನೂ ಬೆಳೆದವಳು ಎಂಬುದನ್ನು ಅವನು ಮರೆತಿದ್ದ.

"... ಏನಂದಿ? ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವಾ? ನನಗ? ನನ್ನ ಮನ್ಯಾಗ ಹಿಟ್ಟಿಗಿ ಬರಗಾಲೇನೋ? ದಿನಾ ಹದಿನೆಂಟ ಕಿಲೋ ಹಿಟ್ಟ ನಾದತೀನಿ, ಬಂದ ನೋಡು!"

"... ಹಾಸಗಿ ಇದ್ದಷ್ಟ ಕಾಲ ಚಾಚಬೇಕಂತಿ. ಅದಕ್ಕ ದೊಡ್ಡ ಹಾಸಗೀನ ತಗೊಂಡೀನಿ. ಕಾಲೂ ನಂದ, ಹಾಸಗೀನೂ ನಂದ. ಮತ್ತೇನೈತಿ ನಿನ್ನ ಚೀಲದಾಗ?"

"... ಊರ ಹೋಗಂತೈತಿ, ಕಾಡ ಬಾ ಅಂತೈತಿ. ಹಾಂ, ಅರವತ್ತೆರಡ ಆಗ್ಯಾವ, ನನಗೂ ಗೊತ್ತೈತಿ. ಕಾಡ ಬಾ ಅನ್ನೂಕಿಂತ ಮೊದ್ಲ ಸಮುದ್ರ ಬಾ ಅಂತು, ಹೊಂಟೀನಿ."

ಹೀಗೆ ಹೇಳಿ ಭಾಗವ್ವ ತಾನೇ ಕಿಸಕ್ಕನೆ ನಕ್ಕಳು. ಆ ಕಡೆ ನಗು ಬರಲಿಲ್ಲ. ಚಂದ್ರಾಮಪ್ಪ ಈಗ ದನಿ ತಗ್ಗಿಸಿ, ಸಾಹೇಬರ ಹತ್ತಿರ ರಜೆ ಕೇಳುವವನ ಹಾಗೆ ಮೆತ್ತಗೆ ಶುರು ಮಾಡಿದ.

"... ಹಾಂ, ಹೋಗಬ್ಯಾಡ ಅನ್ನೂದಿಲ್ಲ. ಮತ್ತ?... ಬಾಲ್ಕನಿ ಖೋಲಿ ಬಿಟ್ಟ ಒಳಗಿನ ಖೋಲಿ ತಗೋ ಅಂತಿ. ಅರ್ಧಕ್ಕ ಅರ್ಧ ಉಳೀತೈತಿ... ಹೌದು, ಊಟ ಎಲ್ಲಾರಿಗೂ ಅದ. ಹೌದು, ಹಡಗ ಎಲ್ಲಾರ್ನೂ ಅಲ್ಲಿಗೇ ಒಯ್ತೈತಿ. ಹಗಲೆಲ್ಲಾ ಮ್ಯಾಲ ಅಡ್ಡಾಡೂದು, ಖೋಲ್ಯಾಗ ಮಲಗೂದಷ್ಟ. ನನ್ನ ಕಡೆ ಉಣ್ಣಾಕ ಬರೂ ಇಂಜಿನಿಯರ್ ಶ್ರೀಪತಿನೂ ಇದನ್ನ ಹೇಳಿದ. ಪೆನ್ನ ಹಿಡದ ಹಾಳಿ ಮ್ಯಾಲ ಬರದ ತೋರ್ಸಿದ... ಏನಂದೆ? ಎರಡ ರೊಟ್ಟಿ ಹೆಚ್ಚಿಗಿ ನೀಡಿ, ಸುಮ್ಕ ಉಣ್ಣಪಾ ಅಂದೆ."

"... ಆ ಒಳಗಿನ ಖೋಲಿಗಿ ಕಿಟಕಿ ಇರೂದಿಲ್ಲ, ಗೊತ್ತೈತೇನು ನಿನಗ? ನಾಕ ಗ್ವಾಡಿ, ಒಂದ ಲೈಟು. ಲೈಟ್ ಆರ್ಸಿದ್ರ ಹಗಲೋ ರಾತ್ರ್ಯೋ ತಿಳಿಯೂದಿಲ್ಲಂತ. ಅಂಥಾ ಖೋಲಿ ನನಗ ಇಲ್ಲೇ ಐತೆಲ್ಲೋ! ಅದಕ್ಕ ಮುಂಬೈತನಕ ಯಾಕ ಹೋಗಲಿ?"

ಸುಳ್ಳಲ್ಲ. ಗಂಡ ಸತ್ತ ವರ್ಷ ಬಾಡಿಗೆಗೆ ಹಿಡಿದ ಈ ಅಡುಗೆ ಖೋಲಿಗೆ ಮೂರು ಕಡೆ ಗೋಡೆ, ಒಂದು ಕಡೆ ತಗಡು. ಕಿಟಕಿ ಇರಬೇಕಾದಲ್ಲಿ ಪಕ್ಕದ ವರ್ಕ್‌ಶಾಪಿನ ಬೆನ್ನು. ದ್ರಾಕ್ಷಿ ಸುಗ್ಗಿಯಲ್ಲಿ ಪಿಂಪಳಗಾಂವಿನ ಮಾರುಕಟ್ಟೆಯ ಕಡೆಗೆ ಲಾರಿಗಳು ಸಾಲುಗಟ್ಟಿದರೆ ಅವುಗಳ ಹೊಗೆಯೂ ಇವಳ ಒಲೆಯ ಹೊಗೆಯೂ ಒಳಗೇ ಸುತ್ತುತ್ತಿದ್ದವು. ಇಲ್ಲಿ ಉಂಡು ಹೋದ ಕರ್ನಾಟಕದ ಹುಡುಗರು ಎಷ್ಟೋ ವಿಮಾನಗಳನ್ನು ಜೋಡಿಸಿ ಆಕಾಶಕ್ಕೆ ಬಿಟ್ಟರು. ಅವುಗಳ ಸದ್ದು ಭಾಗವ್ವನಿಗೆ ಚೆನ್ನಾಗಿ ಗೊತ್ತು, ನೋಡಿದ್ದು ಕಡಿಮೆ.

"... ನೀರ ನೋಡಾಕ ಎರಡ ಲಕ್ಷ? ಹೌದೋ, ನೀರ ನೋಡಾಕ! ಹಾಸಗಿ ಬಿಟ್ಟ ಎದ್ದ ಬಾಗಲಾ ತಗದ್ರ ಸಮುದ್ರ. ಯಾರಿಗೂ ಸ್ವಲ್ಪ ಸರೀರಿ ಅನ್ನೂದ ಬ್ಯಾಡ. ಬಾಲ್ಕನ್ಯಾಗ ಎರಡ ಕುರ್ಚಿ ಹಾಕಿರ್ತಾರ. ಚಹಾ ಅವರ ತಂದಕೊಡ್ತಾರ. ನನಗ ಇಲ್ಲೀತನಕ ಯಾರರೆ ಕುಂತಲ್ಲಿ ಚಹಾ ತಂದಕೊಟ್ಟಾರೇನೋ?"

"... ಎಲ್ಲಾರೂ ಒಂದ ಹಡಗಿನ್ಯಾಗ ಅಂತ ನೀ ಅನ್ನಬ್ಯಾಡ. ಬ್ಯಾರೇದವರು ಅಂದ್ರ ಕೇಳ್ತೀನಿ, ನೀ ಅನ್ನಬ್ಯಾಡ. ಹ್ವಾದ ವರ್ಷ ನಿನ್ನ ಮಗ ಪ್ರಣವನ ಮದಿವ್ಯಾಗ ಎಲ್ಲಾರೂ ಒಂದ ಕಲ್ಯಾಣ ಮಂಟಪಕ್ಕ ಬಂದಿದ್ವಿ, ಹೌದಿಲ್ಲೋ? ಬೀಗರಿಗಿ ಎ.ಸಿ. ಖೋಲಿ. ನಿನ್ನ ಸಾಹೇಬರಿಗಿ ಎ.ಸಿ. ಖೋಲಿ. ನಾ ಎಲ್ಲಿ ಮಲಗಿದ್ದೆ?... ನೆನಪಿಲ್ಲ? ನನಗೈತಿ. ಸಾಮಾನ ಖೋಲ್ಯಾಗ, ಬುಂದೆ ಲಾಡೂನ ಬುಟ್ಟಿ ಬಾಜೂಕ. ನನ್ನ ಜೋಡಿ ಮತ್ಯಾರ ಮಲಗಿದ್ಲು, ಹೇಳು?... ಮದಿಮಗನ ತಾಯಿ! ನಿನ್ನ ಹೆಣ್ತಿ! ಲಾಡು ಕಾಯಾಕ!"

ಭಾಗವ್ವ ಕುದಿಯುವ ನೀರನ್ನು ಹಿಟ್ಟಿಗೆ ಸುರಿದು ಸವಟಿನಿಂದ ತಿರುವಿದಳು. ತಮ್ಮನ ಸಿಟ್ಟಿನ ಅಸಲು ಕಾರಣ ರೊಕ್ಕವಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅದು ಅವನ ಬಾಯಿಂದಲೇ ಬರಲಿ ಎಂದು ಕಾದಳು. ಬಂತು.

"... ಈಗ ಬಂದಿ ನೋಡು ದಾರಿಗಿ. ಇಷ್ಟೊತ್ತು ರೊಕ್ಕಾ ರೊಕ್ಕಾ ಅಂತಿದ್ದಿ. ಮಂಗಲಾಗ ಕಳಿಸಿದ ತಿಕೀಟಿನ ಮ್ಯಾಲಿನ ಎರಡನೇ ಹೆಸರ ಓದಿ ನಿನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ... ಹಾಂ, ಮಂಗಲಾ ಚಂದ್ರಾಮಪ್ಪ ಬಿರಾದಾರ. ಅಕೀನ. ನನ್ನ ಜೋಡಿ ಬರಾಕಿ ಅಕೀನ. ಆಧಾರ ಕಾರ್ಡ ನಾ ಕೇಳಿದ್ದೆ, ಅಕಿ ಕಳಿಸಿದ್ಲು... ನಿನ್ನ ಕೇಳಬೇಕಾಗಿತ್ತಾ? ಕೇಳಿದ್ರ ಏನಂತಿದ್ದಿ?... ಹಾಂ. ಅದಕ್ಕ ಕೇಳಲಿಲ್ಲ."

"... ಐದ ದಿನ ಅಡಗಿ ಯಾರ ಮಾಡಬೇಕಾ? ಎಂಬತ್ತ ಮಂದಿ ಮ್ಯಾಲ ಸುಪರ್‌ವೈಸರ್ ಅಂತಿ, ಒಂದ ಕುಕ್ಕರಿನ ಮ್ಯಾಲ ಸುಪರ್‌ವೈಸರ್ ಆಗು. ನನ್ನ ಖಾನಾವಳಿ ನಲವತ್ತ ಮಂದೀದು, ಅದನ್ನ ನನ್ನ ಕೈಯಾಗ ದುಡಿಯೂ ಚನಬಸವ್ವಗ ಒಪ್ಪಿಸಿ ಹೊಂಟೀನಿ. ನಿಂದ ಒಂದ ಹೊಟ್ಟಿ!"

"... ಕುಡೀತಾರ, ಕುಣೀತಾರ, ಜೂಜ ಆಡ್ತಾರ. ಹಾಂ, ಎಲ್ಲಾ ಐತಂತ. ನಾವು ಕುಡಿಯೂದಿಲ್ಲ, ಆಡೂದಿಲ್ಲ. ಕುಣಿಯೂದು ಇನ್ನೂ ಠರಾವ ಆಗಿಲ್ಲ... ಮಂದಿ ಏನಂತಾರ? ಮಂದಿ ನನ್ನ ರೊಟ್ಟಿ ತಿಂದ ಖಾರ ಹೆಚ್ಚಾತು ಅಂತಾರ, ನಾಳಿ ಮತ್ತ ಬರ್ತಾರ. ಅದಕ್ಕೇನ ಮಾಡಾಕ ಬರ್ತೈತಿ?"

"... ಚಂದ್ರಾ, ಕೇಳಿಲ್ಲೆ. ಸಿಟ್ಟ ಬಿಟ್ಟ ಎರಡ ಮಿನಿಟ ಕೇಳು. ವರ್ಷಾ ನಾಗರಪಂಚಮಿಗಿ ನನ್ನ ತವರಿಗಿ ಕರಿಯಾಕ ಯಾರ ಬರ್ತಾರ? ನೀ ಬರ್ತಿ. ಒಂದ ವರ್ಷ ತಪ್ಪಿಲ್ಲ, ಕೊರೊನಾದಾಗೂ ಪಾಸ್ ಮಾಡಿಸ್ಕೊಂಡ ಬಂದಿದ್ದಿ, ಆ ಮಾತ ನಾ ಇಲ್ಲ ಅನ್ನೂದಿಲ್ಲ. ನಾ ಬಂದ ಮ್ಯಾಲ ಉಂಡಿ ಯಾರ ಕಟ್ತಾರ? ಜೋಕಾಲಿ ಹಗ್ಗ ಯಾರ ಹುಡಿಕಿ ಇಟ್ಟಿರ್ತಾರ?... ಮಂಗಲಾ. ಮೂವತ್ತೊಂದ ಪಂಚಮಿ ನಾ ಕುಂತೀನಿ, ಅಕಿ ತೂಗ್ಯಾಳ. ಅಕೀನ್ನ ಕರಿಯಾಕ ಯಾರ ಬಂದಾರೋ? ಒಂದ ಸಲರೆ?"

"... ತಂದಿತಾಯಿ ಇಲ್ಲ, ಅಣ್ಣತಮ್ಮಂದ್ರು ಇಲ್ಲ, ಗೊತ್ತೈತೋ. ಅದನ್ನ ಹೇಳಾಕತ್ತೀನಿ. ಕರಿಯಾವರು ಸತ್ತಾರಂದ್ರ ಹೋಗೂ ಆಸೇನೂ ಸಾಯ್ತೈತೇನು? ಆ ಲಾಡೂನ ಬುಟ್ಟಿ ಬಾಜೂಕ ಮಲಗಿದಾಗ ಹೇಳಿದ್ಲು. ಅಳಲಿಲ್ಲ. ಪಂಚಮಿ ದಿನ ಓಣ್ಯಾಗ ರಿಕ್ಷಾ ನಿಂತ್ರ ಈಗೂ ಹೊರಗ ಬಂದ ನೋಡ್ತೀನಿ ಅಕ್ಕಾರ ಅಂದ್ಲು. ಅಷ್ಟ. ನನಗ ನಾಚಿಕಿ ಆತೋ ಚಂದ್ರಾ. ಬಾಳ ನಾಚಿಕಿ ಆತು. ಇಷ್ಟ ವರ್ಷ ಅಕೀ ಕೈಯಾಗಿನ ಉಂಡಿ ತಿಂದೆ, ಒಮ್ಮೆ ಇದು ತಲ್ಯಾಗ ಬರಲಿಲ್ಲ ನನಗ."

"... ಅವತ್ತ ಠರಾಯಿಸಿದೆ, ನಾ ಕರೀತೀನಿ ಅಂತ. ಮಳಿಗಾಲದಾಗ ಹಡಗ ನಿಂತಿರ್ತಾವಂತ, ಪಂಚಮಿಗಿ ಆಗಲಿಲ್ಲ, ಡಿಸೆಂಬರಿಗಿ ಇಟ್ಕೊಂಡೆ. ಈಗ ನೀ ಹೇಳು. ಮೂವತ್ತೊಂದ ವರ್ಷಕ್ಕ ಒಮ್ಮೆ ತವರಿಗಿ ಕರ್ದು, ಮತ್ತ ಅಕೀನ್ನ ಕಿಟಕಿ ಇಲ್ಲದ ಖೋಲ್ಯಾಗ ಹಾಕ್ಲ್ಯಾ? ಅರ್ಧ ರೊಕ್ಕ ಉಳೀತೈತಂತ?"

ಇಷ್ಟು ಉದ್ದ ಮಾತಾಡಿ ಭಾಗವ್ವನಿಗೆ ಉಸಿರು ಹತ್ತಿತ್ತು. ತಮ್ಮ ಕರಗಬಹುದು ಎಂದು ಒಂದು ಗಳಿಗೆ ಅನಿಸಿತು. ಸಣ್ಣವನಿದ್ದಾಗ ಇವಳ ಸೆರಗು ಹಿಡಿದೇ ತಿರುಗಿದ ಹುಡುಗ ಅವನು. ಆದರೆ ಚಂದ್ರಾಮಪ್ಪ ಮತ್ತೆ ತಿಕೀಟಿನ ಕೆಳಗಿನ ಸಣ್ಣಕ್ಷರಗಳಿಗೇ ಹೋದ.

"... ಹಾಂ, ಇವತ್ತ ಆರ ಗಂಟೀತನಕ ರದ್ದ ಮಾಡಿದ್ರ ಪೂರಾ ರೊಕ್ಕ ತಿರಗಿ ಬರ್ತೈತಿ. ಗಡಿಯಾರ ನನ್ನ ಮನ್ಯಾಗೂ ಐತಿ. ನಾ ರದ್ದ ಮಾಡೂದಿಲ್ಲ. ಅಂದೆನಲ್ಲ, ಮಾಡೂದಿಲ್ಲ."

"... ಏನಂದಿ?... ಇನ್ನ ಪಂಚಮಿಗಿ ಬರೂದಿಲ್ಲ?... ತವರ ಬಾಗಲಾ ಮುಚ್ಚತಿ? ನನಗ?... ಅಪ್ಪ ಅವ್ವ ಹೋದ ಮ್ಯಾಲ ನನಗ ಇರೂದ ಅದೊಂದ ಬಾಗಲಾ. ಗೊತ್ತಿದ್ದೂ ಅಂತಿಯಲ್ಲೋ..."

ಭಾಗವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಗಂಡನ ಹೆಣದ ಮುಂದೆ ಮೊದಲು ಬಂದು ನಿಂತವನು ಇವನೇ. ಶರ್ವಾಣಿಯನ್ನು ಕಾಲೇಜಿಗೆ ಸೇರಿಸುವಾಗ ಸಹಿ ಹಾಕಿದವನೂ ಇವನೇ. ತವರಿಲ್ಲದವಳು ಎಂದು ನಾಲ್ಕು ಮಂದಿ ಅನ್ನುವುದನ್ನು ಕೇಳಿಕೊಂಡು ಬದುಕುವುದು ಹೇಗೆ ಎಂದು ಅವಳಿಗೆ ಹೆದರಿಕೆಯಾಯಿತು. ಕಣ್ಣು ತುಂಬಿ ಬಂದವು. ಕೈಯೆಲ್ಲ ಹಿಟ್ಟಾಗಿದ್ದರಿಂದ ರಟ್ಟೆಯಿಂದಲೇ ಒರೆಸಿಕೊಂಡಳು.

"... ಮುಚ್ಚು. ಹೌದು, ಮುಚ್ಚೋ. ಅಳಾಕತ್ತೀನಿ, ಹೌದು, ಅಳ್ತೀನಿ. ಅಳಕೋಂತನ ಹೇಳ್ತೀನಿ, ರದ್ದ ಮಾಡೂದಿಲ್ಲ! ನೀ ಅಲ್ಲಿ ಬಾಗಲಾ ಮುಚ್ಚು, ನಾ ಇಲ್ಲಿ ಓಝರಿನ್ಯಾಗ ನಿನ್ನ ಹೆಣ್ತಿಗಿ ತವರ ಬಾಗಲಾ ತಗದೀನಿ. ಹಡಗ ಬಿಡೂ ಎರಡ ದಿನಾ ಮೊದ್ಲ ನಾಶಿಕದಾಗ ಬಸ್ ಹತ್ತಿ ನಾನ ಬರ್ತೀನಿ ಅಕೀನ್ನ ಕರಿಯಾಕ. ಸೀರಿ, ಕುಬಸ, ಉಂಡಿ, ಎಲ್ಲಾ ತಗೊಂಡ ಬರ್ತೀನಿ. ನೀ ಬಾಗಲಾ ತಗೀಲಿಲ್ಲಂದ್ರ ಹೊರಗಿನ ಮೆಟ್ಟಲ ಮ್ಯಾಲ ಕುಂತಿರ್ತೀನಿ. ನಿಮ್ಮ ಬಾಜೂ ಮನಿ ತುಕಾರಾಮ ಭಾವು ಕೇಳಿದ್ರ ಎಲ್ಲಾ ಹೇಳ್ತೀನಿ, ಮರಾಠ್ಯಾಗ!"

"... ಅಕೀಗ ಮನಸಿಲ್ಲಾ? ಅದನ್ನ ನೀ ಯಾಕ ಹೇಳ್ತಿ? ಅಕಿ ಹೇಳ್ಲಿ. ಕೊಡು ಫೋನ್. ಅಕೀದ ಐತೆಲ್ಲ ಅದು, ಅಕೀ ಕೈಯಾಗ ಕೊಡು... ಅಕಿ ಒಲ್ಲೆ ಅಂದ್ರ ಈಗಿಂದೀಗ ಶರ್ವಾಣಿನ್ನ ಕರ್ದು ರದ್ದ ಮಾಡಸ್ತೀನಿ. ಅವ್ವನ ಆಣಿ."

ಆಣೆ ಇಟ್ಟ ಮೇಲೆ ಅವಳಿಗೆ ಎಚ್ಚರವಾಯಿತು. ಮೂವತ್ತೊಂದು ವರ್ಷಗಳಲ್ಲಿ ಮಂಗಲಾ ಗಂಡನೆದುರು ಒಲ್ಲೆ ಅಂದದ್ದನ್ನಾಗಲಿ ಬೇಕು ಅಂದದ್ದನ್ನಾಗಲಿ ಭಾಗವ್ವ ಕೇಳಿರಲಿಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ತಾನೇ ಒಯ್ದು ಅವನ ಕೈಗೆ ಕೊಟ್ಟೆನೇನೋ ಅನಿಸಿತು. ಆ ಕಡೆ ಬಳೆ ಸದ್ದಾಯಿತು.

"... ಮಂಗಲಾ... ಹಾಂ, ನಾನ. ಅಂವ ಬಾಜೂಕ ನಿಂತಾನೇನು?... ಸ್ಪೀಕರ್ ಹಚ್ಯಾನ? ಹಚ್ಲಿ ಬಿಡು, ಕೇಳ್ಲಿ... ಅಳಬ್ಯಾಡ ತಂಗಿ, ನಾ ಒಬ್ಬಾಕಿ ಅತ್ತದ್ದ ಸಾಕು."

"... ಹೂಂ... ಹೂಂ... ಅಂವಗ ಬಿ.ಪಿ. ಗುಳಗಿ ಯಾರ ಕೊಡ್ತಾರಂತಿ? ಡಬ್ಬಿ ಮ್ಯಾಲ ಬರದಿಡು. ಓದಾಕ ಬರ್ತೈತಿ ಅಂವಗ, ನಿನ್ನ ಫೋನ್ ಓದ್ಯಾನಲ್ಲ!"

"... ಅಂವ ಹೇಳಕೊಟ್ಟದ್ದ ಹೇಳಬ್ಯಾಡ. ನನ್ನ ಮುಖಾ ನೋಡಿನೂ ಹೇಳಬ್ಯಾಡ. ನೀ ಒಲ್ಲೆ ಅಂದ್ರ ನನಗೇನ ಸಿಟ್ಟಿಲ್ಲ, ಖರೇನ ಇಲ್ಲ. ನಿನ್ನ ಮನಸಿನ್ಯಾಗ ಏನೈತಿ, ಅದೊಂದ ಮಾತ ಹೇಳು."

ಚಂದ್ರಾಮಪ್ಪ ಕೆಮ್ಮಿದ್ದು ಕೇಳಿಸಿತು. ಭಾಗವ್ವ ಫೋನನ್ನು ಹಿಟ್ಟಿನ ಕೈಯಲ್ಲೇ ಹಿಡಿದು ಕಿವಿಗೆ ಒತ್ತಿಕೊಂಡಳು.

"... ಏನ?... ಕೇಳಿಸಲಿಲ್ಲ. ಗಂಟಲಾಗ ಮಾತಾಡಬ್ಯಾಡ, ಸ್ವಲ್ಪ ಜೋರ ಹೇಳು..."

"... ಬರ್ತಿ?... ಬರ್ತೀನಿ ಅಂದ್ಯಾ?... ಏ ಚಂದ್ರಾ, ಫೋನ್ ಕಸಗೋಬ್ಯಾಡ! ಅಕೀ ಕೈಯಾಗ ಇರ್ಲಿ!... ಮಂಗಲಾ, ಬಿಡಬ್ಯಾಡ, ಗಟ್ಟಿ ಹಿಡಿ. ಇನ್ನೊಮ್ಮೆ ಅನ್ನು. ನನಗಲ್ಲ, ನನಗ ಕೇಳಿಸ್ತು. ಅಂವನ ಕಡೆ ಮುಖಾ ಮಾಡಿ ಅನ್ನು..."

ಹೋಗ್ತೀನಿ ಎಂದು ಮಂಗಲಾ ಗಂಡನಿಗೆ ಅಂದಳು. ಮುಖ ಆ ಕಡೆ ತಿರುಗಿಸಿದ್ದರಿಂದ ದನಿ ದೂರದ್ದಾಗಿತ್ತು, ಆದರೆ ಭಾಗವ್ವ ಇಷ್ಟು ವರ್ಷ ಕೇಳಿದ ಮಂಗಲಾಳ ದನಿಗಿಂತ ದೊಡ್ಡದಿತ್ತು. ಅವನಿಗೆ ಎರಡನೇ ಸಲ ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಗಡಿಯಾರದಲ್ಲಿ ಆರು ದಾಟಲಿ ಎಂದು ಭಾಗವ್ವ ರೊಟ್ಟಿ ಬಡಿಯತೊಡಗಿದಳು.