ಮೀಸಲು ಹಾಲಿನ ಸೋಮವಾರ

ಪಾತಮ್ಮ, ಗಂಡ ಮೂಡಲಗಿರಿಯಪ್ಪ, ವಯಸ್ಸು 35 ವರ್ಷ, ಕುರಿ ಸಾಕಣೆ ಮತ್ತು ಕೂಲಿ ಕೆಲಸ, ವಾಸ ಬಿ.ಜಿ. ಕೆರೆ ಹತ್ತಿರದ ಹಟ್ಟಿ, ಮೊಳಕಾಲ್ಮೂರು ತಾಲ್ಲೂಕು. ನಾನು ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು ಶಾಂತಕುಮಾರಿ, 13 ವರ್ಷ, ಏಳನೇ ತರಗತಿ. ಕಳೆದ ಆಗಸ್ಟ್ ತಿಂಗಳಲ್ಲಿ ದೊಡ್ಡವಳಾದಳು. ಹೊರಗಾದ ಹೆಂಗಸರು ಮೂರು ದಿನ ಹಟ್ಟಿಯಾಚೆಯ ಗುಡಿಸಲಿನಲ್ಲಿರುವುದು ನಮ್ಮ ಕಟ್ಟು. ಅದು ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ದೂರ, ಬಾಗಿಲಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿ ಅವಳಿಗೆ ಚೇಳು ಕಡಿಯಿತು. ನಾನು ಔಷಧಿ ಸೊಪ್ಪನ್ನು ದೂರದಿಂದ ಎಸೆದೆ, ಅವಳೇ ಅರೆದು ಹಚ್ಚಿಕೊಂಡಳು. ಅಂದಿನಿಂದ ನನ್ನೊಂದಿಗೆ ಮಾತು ಕಡಿಮೆ ಮಾಡಿದಳು.

ನಮ್ಮ ಹಟ್ಟಿಯ ನಾಗಕ್ಕ ಚಳ್ಳಕೆರೆಯಲ್ಲಿ ಮನೆಗೆಲಸಕ್ಕಿದ್ದಾಳೆ. ಆ ಮನೆಯಲ್ಲಿ ಮುಟ್ಟು ಮೈಲಿಗೆ ಯಾರೂ ಕೇಳುವುದಿಲ್ಲ, ಒಳಗೇ ಮಲಗಬಹುದು ಎಂದು ಮಗಳಿಗೆ ಹೇಳಿದ್ದಳಂತೆ. ಮಗಳು ತಾನೂ ಹೋಗುತ್ತೇನೆಂದು ಹಠ ಹಿಡಿದಳು. ಕಾಲು ಮುರಿಯುತ್ತೇನೆ ಎಂದು ಬೈದೆ. ಗಂಡ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದರು.

ದಿನಾಂಕ 10-11-2003, ಸೋಮವಾರ, ಬೆಳಿಗ್ಗೆ 8 ಗಂಟೆಗೆ ನಾನು ಮಿಂದು, ದೇವರ ಮೀಸಲು ಹಾಲನ್ನು ಗುಡಿಗೆ ಒಯ್ಯುತ್ತಿದ್ದೆ. ಮಗಳು ಹೊರಗಾಗಿ ಎರಡನೇ ದಿನ. ಬಟ್ಟೆ ಚೀಲ ಹಿಡಿದು ಗುಡಿಸಲಿನಿಂದ ರಸ್ತೆಗೆ ಬಂದಳು. ಅಲ್ಲಿ ನಾಗಕ್ಕ ಬಸ್ಸಿಗೆ ನಿಂತಿದ್ದಳು. ನನಗೂ ಮಗಳಿಗೂ ನಾಲ್ಕು ಮಾರು ಅಂತರ. ಹೋಗಬೇಡ ಎಂದು ಕೂಗಿದೆ. ಅವಳು ನಿಂತು ನನ್ನ ಕಡೆ ಕೈ ಚಾಚಿದಳು.

"ಬಂದು ಕೈ ಹಿಡ್ಕೋ ಅವ್ವ, ಹೋಗಲ್ಲ" ಎಂದಳು.

"ಮುಟ್ಟಬ್ಯಾಡ, ಮೀಸಲು ಐತೆ" ಎಂದೆ.

8.10ಕ್ಕೆ ಬಸ್ಸು ಬಂತು, ಮಗಳು ನಾಗಕ್ಕನ ಜೊತೆ ಹತ್ತಿದಳು. ನಾನು ಹಾಲು ಒಪ್ಪಿಸಿ ರಸ್ತೆಗೆ ಓಡಿ ಬಂದಾಗ 8.40. ನಾಲ್ಕು ದಿನಕ್ಕೆ ಬುದ್ಧಿ ಬಂದು ವಾಪಸಾಗುತ್ತಾಳೆ ಎಂದು ಸುಮ್ಮನಿದ್ದೆ.

17ರಂದು ನಾಗಕ್ಕ ಹಟ್ಟಿಗೆ ಬಂದಳು. ಮಗಳನ್ನು ಆ ಮನೆಯವರ ನೆಂಟರು ಕಾರಿನಲ್ಲಿ ಕರೆದೊಯ್ದರು, ಯಾವ ಊರಿಗೆ ಗೊತ್ತಿಲ್ಲ ಎಂದು ತಲೆ ತಗ್ಗಿಸಿದಳು. ಮರುದಿನ ನಾನೇ ಚಳ್ಳಕೆರೆಗೆ ಹೋದೆ. ಅಂಥ ಹುಡುಗಿ ಬಂದೇ ಇಲ್ಲ ಎಂದು ಮನೆಯೊಡತಿ ಬಾಗಿಲು ಹಾಕಿಕೊಂಡಳು. ಹಿತ್ತಲ ತಂತಿಯ ಮೇಲೆ ನನ್ನ ಮಗಳ ಹಸಿರು ಲಂಗ ಒಣಗುತ್ತಿತ್ತು.

ಯಾರ ಮೇಲೆ ಅನುಮಾನ ಎಂದು ಸಾಹೇಬರು ಕೇಳಿದರು. ನಾಗಕ್ಕನನ್ನೂ ಆ ಮನೆಯವರನ್ನೂ ಬರೆದುಕೊಳ್ಳಲಿ. ಆದರೆ ಮಗಳು ಕೈ ಚಾಚಿ ನಿಂತಾಗ ನಾನು ಹಾಲಿನ ಚೆಂಬನ್ನು ಕೆಳಗಿಡಲಿಲ್ಲ. ನನ್ನ ಕೈ ಸೇದಿ ಹೋಗಲಿ. ಇದನ್ನೂ ಬರೆಯಬೇಕು ಎಂದು ನಾನೇ ಹೇಳಿ ಬರೆಸಿದ್ದೇನೆ.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ.

ಸ್ಥಳ: ಮೊಳಕಾಲ್ಮೂರು
ದಿನಾಂಕ: 19-11-2003
ಪಾತಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು