ಎರಡು ಸಲ ತುಂಬಿದ ತೋಟೆ

ಅರಬ್ ನಾಡಿನ ಜಾಬ್ರಿಯಾದ ಕಣ್ಣಿನ ಕ್ಲಿನಿಕ್ಕಿನಲ್ಲಿ ನನಗೆ ಹನಿ ಹಾಕಿ, ಪಾಪೆ ಅರಳುವವರೆಗೆ ಕಣ್ಣು ಮುಚ್ಚಿಕೊಂಡಿರಲು ಹೇಳಿದ್ದರು. ರೆಪ್ಪೆಗಳಾಚೆ ಕಿಟಕಿಯ ಬಿಸಿಲು ಕೆಂಪು ಕೊಳವಾಗಿ ನಿಂತಿತ್ತು. ಪಕ್ಕದಲ್ಲಿ ನಮ್ಮ ಕರಾವಳಿಯ ಇಬ್ಬರ ದನಿ. ಮಾತಿನಿಂದ ತಿಳಿದಂತೆ, ಒಬ್ಬರು ವೀಸಾ ಕೊಟ್ಟ ಧಣಿ ಕಫೀಲರ ಮ್ಯಾಗ್ನಮ್ ರಿವಾಲ್ವರಿನ ತೋಟೆಗಳಿಗೆ ಕೈಯಾರೆ ಸಿಡಿಮದ್ದು ತುಂಬಿಸಿಕೊಡುವ ಮೋನಪ್ಪ. ಇನ್ನೊಬ್ಬ ಅದೇ ಮನೆಯ ಡ್ರೈವರ್ ಹರ್ಬರ್ಟ್.

“ತೋಟೆ ಪೆಟ್ಟಿಗೆ ಕಾರಲ್ಲೇ ಉಂಟಾ ಹರ್ಬರ್ಟ್?”

“ಉಂಟು. ಸಂಜೆ ಕಫೀಲ್ ಶೂಟಿಂಗ್ ಕ್ಲಬ್ಬಿಗೆ ಹೋಗ್ಲಿಕ್ಕುಂಟಲ್ಲ.”

“ಅದನ್ನು ಕೊಡ್ಬೇಡ ಮಾರಾಯ.”

“ಎಂತಕ್ಕೆ ಮೋನಪ್ಪಣ್ಣ?”

“ನಿನ್ನೆ ತುಂಬಿಸುವಾಗ ಕಣ್ಣೆದುರು ಬರೀ ಮಂಜು. ಒಂದು ತೋಟೆಗೆ ಎರಡು ಸಲ ಮದ್ದು ಹಾಕಿದೆನೋ ಅಂತ ಸಂಶಯ.”

“ಹಾಕಿದ್ರೆ?”

“ರಿವಾಲ್ವರ್ ಅವರ ಕೈಯಲ್ಲೇ ಒಡೀತದೆ.”

“ಅದು ಯಾವ ತೋಟೆ?”

“ಬಾಯಿ ಮುಚ್ಚಿದ ಮೇಲೆ ಎಲ್ಲ ಒಂದೇ ಹಾಗೆ.”

“ಕಣ್ಣು ಕಾಣುದಿಲ್ಲ ಅಂತ ಗೊತ್ತಾದ್ರೆ ನಿಮ್ಮ ಕೆಲಸ ಖಲಾಸ್. ಊರಿಗೆ ಕಳಿಸ್ತಾರೆ.”

“ಕಳಿಸ್ಲಿ. ದಿನಾ ಬೆಳಿಗ್ಗೆ ನನಗೆ ಕಾಫಿ ಬಗ್ಗಿಸಿ ಕೊಡುದು ಕಫೀಲರ ಅದೇ ಕೈ.”

ನರ್ಸ್ ಮೋನಪ್ಪನವರ ಹೆಸರು ಕರೆದಳು. ನಾನು ಕಣ್ಣು ತೆರೆದೆ. ಉಕ್ಕಿಬಂದ ಬೆಳಕಿನಲ್ಲಿ ಇಬ್ಬರೂ ಅಂಚಿಲ್ಲದ ನೆರಳುಗಳಾಗಿದ್ದರು. ಹರ್ಬರ್ಟ್ ಕಾರಿನ ಕೀಲಿಯನ್ನು ಮೋನಪ್ಪನವರ ಅಂಗಿಯ ಕಿಸೆಗೆ ಹಾಕಿದ.

“ಇದು ನಿಮ್ಮಲ್ಲೇ ಇರ್ಲಿ, ಪೆಟ್ಟಿಗೆ ಕಾರಿಂದ ಇಳಿಯುದಿಲ್ಲ. ನೀವು ಹೊರಗೆ ಬಂದ ಮೇಲೆ ಇಬ್ಬರೂ ಹೋಗಿ ಅವರಿಗೆ ಹೇಳುವ.”

“ಈ ಕಣ್ಣಲ್ಲಿ ನಾನೇ ಕಾರು ಬಿಟ್ರೆ?”

“ಅದಕ್ಕಿಂತ ಆ ತೋಟೆಯೇ ವಾಸಿ.”

ಒಬ್ಬರ ಕೈ ಒಬ್ಬರು ಹಿಡಿದು, ಅವರು ಡಾಕ್ಟರ ಕೋಣೆಯ ಕಡೆಗೆ, ಬಿಳಿಯ ಬೆಳಕಿನೊಳಕ್ಕೆ ಮೆಲ್ಲನೆ ಕರಗಿಹೋದರು.